ದಂಡ ಕಟ್ತೀನಿ, ದೋಣಿ ಓಡಿಸ್ತೀನಿ!

ಟೋಲ್ ಜಗಳ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಹೆದ್ದಾರಿ, ಉದ್ದದ ಕ್ಯೂ, ಸ್ಕ್ಯಾನ್ ಆಗದೆ ಕೈಕೊಟ್ಟ ಫಾಸ್ಟ್ಯಾಗ್. ಇನ್ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಇಂಥದ್ದೇ ಜಗಳ ನೀರಿನ ಮೇಲೆ ನಡೆಯುತ್ತಿತ್ತು. ಅಲ್ಲಿ ಲಾರಿ ಬದಲು ದೋಣಿ, ಎಂಜಿನ್ ಬದಲು ದಡದ ಮೇಲೆ ಹಗ್ಗ ಎಳೆಯುತ್ತಾ ನಡೆಯುವ ಕುದುರೆ ಅಥವಾ ಹೇಸರಗತ್ತೆ. ನಾನು ಸಾಫ್ಟ್‌ವೇರ್ ಎಂಜಿನಿಯರ್. ನಿಯಮಗಳನ್ನು ಕೋಡ್‌ನಲ್ಲಿ ಬರೆಯೋದು, ಜನ ಅದರಿಂದ ಹೇಗೆ ನುಸುಳಬಹುದು ಅಂತ ಯೋಚಿಸೋದು ನನ್ನ ಕೆಲಸ. ಅದಕ್ಕೇ ಇರಬೇಕು, ಈ ದೋಣಿಗಳ ಕತೆ ನನ್ನನ್ನು ಹಿಡಿದು ಕೂರಿಸಿತು.

ದೋಣಿಯನ್ನೇ ತೂಗಿದರು

ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆಯ ಕೆಲಸ ಶುರುವಾಗಿದ್ದು 1817ರಲ್ಲಿ, ಮುಗಿದದ್ದು 1825ರಲ್ಲಿ. ಆಲ್ಬನಿಯಿಂದ ಬಫಲೋವರೆಗೆ 363 ಮೈಲಿ. ಅಗಲ 40 ಅಡಿ, ಆಳ ಬರೀ 4 ಅಡಿ. ದೋಣಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಲು 83 ಲಾಕ್‌ಗಳು. ಲಾಕ್ ಅಂದ್ರೆ ಎರಡೂ ಕಡೆ ಗೇಟ್ ಇರುವ ದೊಡ್ಡ ತೊಟ್ಟಿ. ಒಟ್ಟು ಖರ್ಚು ಸುಮಾರು 70 ಲಕ್ಷ ಡಾಲರ್. ಸಾಲ ತಂದು ಕಟ್ಟಿದ ಕಾಲುವೆ, ಹಾಗಾಗಿ ಟೋಲ್‌ನಿಂದಲೇ ಸಾಲ ತೀರಬೇಕಿತ್ತು.

ಲೆಕ್ಕ ಸರಳ: ಯಾವ ಸರಕು, ಎಷ್ಟು ತೂಕ, ಎಷ್ಟು ಮೈಲಿ. ದೋಣಿಯವನು ಸರಕಿನ ಪಟ್ಟಿ ತೋರಿಸಬೇಕು, ಟೋಲ್ ಕಚೇರಿಯವನು ರಹದಾರಿ ಚೀಟಿ ಕೊಡಬೇಕು, ಮುಂದೆ ದಾರಿಯಲ್ಲಿ ಆ ಚೀಟಿ ಕೇಳಿದಾಗ ತೋರಿಸಬೇಕು. ಆದರೆ ಪಟ್ಟಿ ಬರೆಯುವವನೂ ದುಡ್ಡು ಕಟ್ಟುವವನೂ ಒಂದೇ ಪಾರ್ಟಿ ಆದ್ರೆ ಏನಾಗುತ್ತೆ? ಪಟ್ಟಿಯಲ್ಲಿ ತೂಕ ಇಳಿಯುತ್ತೆ. ಕೆಲವರು ದುಬಾರಿ ಸರಕನ್ನು ಅಗ್ಗದ ಸರಕಿನ ಅಡಿಗೆ ಹಾಕುತ್ತಿದ್ದರು.

ಇದಕ್ಕೆ ಸಿಕ್ಕ ಪರಿಹಾರ ತೂಕದ ಲಾಕ್. ಹೆದ್ದಾರಿ ಬದಿಯ ವೇಬ್ರಿಡ್ಜ್ ಇದೆಯಲ್ಲ, ಅದರ ಅಜ್ಜ ಅಂದುಕೊಳ್ಳಿ. ಮೊದಮೊದಲು ದೋಣಿ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತೆ ಅಂತ ಅಳೆದು ತೂಕ ಕಂಡುಹಿಡಿಯುತ್ತಿದ್ದರು. ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ತ್ವವೇ. ಆಮೇಲೆ ತೊಟ್ಟಿಯ ನೀರು ಖಾಲಿ ಮಾಡಿ, ಇಡೀ ದೋಣಿಯನ್ನು ದೈತ್ಯ ತಕ್ಕಡಿಯ ಮೇಲೆ ಕೂರಿಸುವ ವ್ಯವಸ್ಥೆ ಬಂತು. ಖಾಲಿ ದೋಣಿಯ ತೂಕ ಮೊದಲೇ ದಾಖಲಾಗಿರುತ್ತಿತ್ತು. ಅದನ್ನು ಕಳೆದರೆ ಉಳಿದದ್ದು ಸರಕು. ಸಿರಾಕ್ಯೂಸ್ ಊರಿನಲ್ಲಿ 1850ರಲ್ಲಿ ಕಟ್ಟಿದ ಇಂಥ ಕಟ್ಟಡ ಇವತ್ತು ಈರಿ ಕಾಲುವೆಯ ಮ್ಯೂಸಿಯಂ.

ದಂಡವೋ, ಟಿಕೆಟ್ಟೋ?

ಎರಡನೇ ಜಗಳ ವೇಗದ್ದು. ಮಿತಿ ಗಂಟೆಗೆ 4 ಮೈಲಿ, ಅಂದ್ರೆ ಚುರುಕಾಗಿ ನಡೆಯುವ ವೇಗ. ನಗು ಬರುತ್ತೆ, ಆದರೆ ಕಾರಣ ಗಟ್ಟಿಯಾಗಿತ್ತು. ದೋಣಿ ಜೋರಾಗಿ ಹೋದರೆ ಏಳುವ ಅಲೆ ಮಣ್ಣಿನ ದಡವನ್ನು ಕೊರೆಯುತ್ತಿತ್ತು. ದಡ ಒಡೆದರೆ ನೀರೆಲ್ಲ ಹೊಲಕ್ಕೆ, ಸಂಚಾರ ಬಂದ್.

ಮಿತಿ ಮೀರಿದರೆ 10 ಡಾಲರ್ ದಂಡ. ಆ ಕಾಲದ ದಿನಗೂಲಿಯವನಿಗೆ ಅದು ವಾರಗಳ ದುಡಿಮೆ. ಆದರೆ ಪ್ರಯಾಣಿಕರ ದೋಣಿಯವರಿಗೆ? ಬೇಗ ತಲುಪಿಸುವುದೇ ಅವರ ವ್ಯಾಪಾರ. ದಾರಿಯಲ್ಲಿ ಕುದುರೆ ಬದಲಿಸುತ್ತಾ ಓಡಿಸೋರು. ಸಿಕ್ಕಿಬಿದ್ದರೆ ದಂಡ ಕಟ್ಟಿ ಮುಂದೆ ಹೋಗುವವರೂ ಇದ್ದರು. ಅವರ ಪಾಲಿಗೆ ದಂಡ ಶಿಕ್ಷೆಯಾಗಿ ಉಳಿಯಲಿಲ್ಲ, ಇನ್ನೊಂದು ಖರ್ಚಾಯಿತು. ಕೊರೆದ ದಡದ ಅಪಾಯ ಮಾತ್ರ ಹಿಂದೆ ನಿಧಾನವಾಗಿ ಬರುತ್ತಿದ್ದ ಸರಕು ದೋಣಿಗಳಿಗೂ ಪಕ್ಕದ ರೈತನಿಗೂ ಉಳಿಯಿತು.

ಬರೆಯದ ಸಾಲಿಗೆ ವಸೂಲಿ

ಮೂರನೆಯದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1829ರಲ್ಲಿ ತೆರೆದ ಚೆಸಪೀಕ್ ಅಂಡ್ ಡೆಲವೇರ್ ಕಾಲುವೆ ಖಾಸಗಿ ಕಂಪನಿಯದ್ದು. ಪೆರೀನ್ ಎಂಬವರು ಅಲ್ಲಿ ಪ್ರಯಾಣಿಕರ ದೋಣಿ ಓಡಿಸಲು ಹೊರಟರು. ಪ್ರಯಾಣಿಕರ ಮೇಲೂ ಟೋಲ್ ಹಾಕುವ ಹಕ್ಕು ನಮಗಿದೆ ಅಂತ ಕಂಪನಿ ವಾದಿಸಿತು. ಆದರೆ ಕಂಪನಿಗೆ ಹಕ್ಕು ಕೊಟ್ಟ ಕಾನೂನಿನಲ್ಲಿ ಇದ್ದದ್ದು ಸರಕಿನ ದರ, ಖಾಲಿ ದೋಣಿಯ ದರ. ಮನುಷ್ಯರಿಗೆ ಎಷ್ಟು ಅಂತ ಎಲ್ಲೂ ಇರಲಿಲ್ಲ.

1850ರಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ತೀರ್ಪು ಬರೆದರು. ಕಂಪನಿ ಹುಟ್ಟಿದ್ದೇ ಕಾನೂನಿನಿಂದ, ಆ ಕಾನೂನು ಸ್ಪಷ್ಟವಾಗಿ ಕೊಟ್ಟದ್ದಷ್ಟೇ ಅದರ ಹಕ್ಕು, ಅನುಮಾನ ಬಂದರೆ ಜನರ ಪರವಾಗಿ ಓದಬೇಕು ಅನ್ನೋದು ಅದರ ಸಾರ. ಅಂದ್ರೆ, ಕಾನೂನಿನಲ್ಲಿ ಬರೆದ ಟೋಲ್ ಕಟ್ಟಿ ಪೆರೀನ್ ದೋಣಿ ಓಡಿಸಬಹುದು. ಪ್ರಯಾಣಿಕರ ತಲೆ ಎಣಿಸಿ ವಸೂಲಿ ಮಾಡುವಂತಿಲ್ಲ. ಬಾಸ್ಟನ್‌ನ ಚಾರ್ಲ್ಸ್ ನದಿ ಸೇತುವೆಯ ಪ್ರಕರಣದಲ್ಲಿ 1837ರಲ್ಲೇ ಟೇನಿ ಇದೇ ದಾರಿ ಹಿಡಿದಿದ್ದರು.

ಈ ಮೂರು ಜಗಳಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕೊನೆಯದು. ತೂಕದ ತಕರಾರಿಗೆ ಯಂತ್ರ ಸಾಕಾಯಿತು. ವೇಗದ ತಕರಾರು ದಂಡದಿಂದ ಮುಗಿಯಲಿಲ್ಲ, ಯಾಕಂದ್ರೆ ಒಂದೇ ಮೊತ್ತ ಎಲ್ಲರಿಗೂ ಒಂದೇ ಭಾರ ಅಲ್ಲ. ಆದರೆ ವಸೂಲಿ ಮಾಡುವವರ ಹಕ್ಕೇ ಪ್ರಶ್ನೆಯಾದಾಗ, ಉತ್ತರ ಸಿಕ್ಕಿದ್ದು ಬರೆದಿಟ್ಟ ಸಾಲುಗಳನ್ನು ಯಾರೋ ಒಬ್ಬರು ಪೂರ್ತಿ ಓದಿ ನೋಡಿದ್ದರಿಂದ.

ಅಂದಹಾಗೆ, ಟೋಲ್ ಆದಾಯದಿಂದ ಈರಿ ಕಾಲುವೆಯ ಮೂಲ ಸಾಲ 1837ರ ಹೊತ್ತಿಗೇ ತೀರಿತ್ತು. ಟೋಲ್ ಎತ್ತಿದ್ದು ಮಾತ್ರ 1882ರಲ್ಲಿ!