‘ಸದ್ಯಕ್ಕೆ’ ಎನ್ನುವ ಕೆಲಸ: ದೆಹಲಿ ಸೀಮೆಯ ದೊಡ್ಡ ಕಂಪನಿಗಳು ಮತ್ತು ನಾವು

ದೆಹಲಿ, ಗುರುಗ್ರಾಮ, ನೊಯ್ಡಾ ಕಡೆಯ ಕನ್ನಡಿಗರ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಪರಿಚಯ ಶುರುವಾಗುವುದು ಎರಡು ಪ್ರಶ್ನೆಗಳಿಂದ. ‘ಯಾವ ಊರು?’ ‘ಎಲ್ಲಿ ಕೆಲಸ?’ ಎರಡನೆಯ ಪ್ರಶ್ನೆಗೆ ಹಿರಿಯರು ಒಂದೇ ಪದದಲ್ಲಿ ಉತ್ತರ ಮುಗಿಸುತ್ತಾರೆ: ಬಿಇಎಲ್, ಸಿಂಡಿಕೇಟ್ ಬ್ಯಾಂಕ್, ರೈಲ್ವೆ. ನಿವೃತ್ತರಾಗಿ ಹದಿನೈದು ವರ್ಷ ಕಳೆದಿದ್ದರೂ ಉತ್ತರ ಬದಲಾಗಿರುವುದಿಲ್ಲ. ನಮ್ಮ ವಯಸ್ಸಿನ ಐಟಿಯವರು ಮಾತ್ರ ‘ಸದ್ಯಕ್ಕೆ…’ ಎಂದು ಶುರು ಮಾಡುತ್ತೇವೆ. ಸದ್ಯಕ್ಕೆ ಈ ಕಂಪನಿ, ಸದ್ಯಕ್ಕೆ ಈ ಪ್ರಾಜೆಕ್ಟ್, ಸದ್ಯಕ್ಕೆ ಸೆಕ್ಟರ್ 62.

ಒಂದು ಪದದ ಉತ್ತರದಿಂದ ಈ ‘ಸದ್ಯಕ್ಕೆ’ವರೆಗೆ ದೊಡ್ಡ ಕಂಪನಿಯ ನೌಕರಿ ಹೇಗೆ ಬಂದು ತಲುಪಿತು? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ರಾಜಧಾನಿಯ ಸುತ್ತಮುತ್ತಲೇ ಮೂರು ಕಾಲದ ಮೂರು ಬಗೆಯ ಕಂಪನಿಗಳಿವೆ.

ಕಂಪನಿಯೇ ಊರಾಗಿದ್ದಾಗ

ಮೊದಲನೆಯದು ನಮ್ಮದೇ ಊರಿನಿಂದ ಬಂದದ್ದು. ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಅದು ತನ್ನ ಎರಡನೆಯ ಘಟಕವನ್ನು ಗಾಜಿಯಾಬಾದಿನ ಸಾಹಿಬಾಬಾದ್‌ನಲ್ಲಿ ತೆರೆಯಿತು. ರಾಡಾರು ತಯಾರಾಗುವ ಆ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದ ಕುಟುಂಬಗಳಿವೆ. ಅದೇ ರೀತಿ ಮಂಗಳೂರು, ಮಣಿಪಾಲಗಳಲ್ಲಿ ಮುಖ್ಯ ಕಚೇರಿ ಇದ್ದ ಬ್ಯಾಂಕುಗಳು ಕರಾವಳಿಯ ಹುಡುಗರನ್ನು ಕರೋಲ್ ಬಾಗ್, ಚಾಂದನಿ ಚೌಕದ ಶಾಖೆಗಳಿಗೆ ಕಳಿಸಿದವು.

ಆ ಕಂಪನಿಗಳಲ್ಲಿ ಕೆಲಸ ಎಂದರೆ ಸಂಬಳ ಮಾತ್ರವಲ್ಲ. ಕ್ವಾರ್ಟರ್ಸ್, ಡಿಸ್ಪೆನ್ಸರಿ, ಕ್ಯಾಂಟೀನು, ಸೊಸೈಟಿ ಸಾಲ, ಎಲ್‌ಟಿಸಿ, ವರ್ಷಕ್ಕೊಮ್ಮೆ ಊರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸು ಎಲ್ಲ ಸೇರಿ ಒಂದು ಬದುಕು. ಬಡ್ತಿ ನಿಧಾನ. ವರ್ಗದ ಭಯ ಇತ್ತು. ಮೇಲಧಿಕಾರಿಯ ಕಿರಿಕಿರಿಯೂ ಇತ್ತು. ಆದರೆ ‘ನಾಳೆಯಿಂದ ಬರಬೇಡಿ’ ಎನ್ನುವ ಮಾತು ಇರಲಿಲ್ಲ.

ಹಾಗೆಂದು ಅದನ್ನು ಚಿನ್ನದ ಕಾಲ ಎನ್ನುವುದೂ ಸರಿಯಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಬಿಇಎಲ್, ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ನೌಕರರು 77 ದಿನ ಮುಷ್ಕರ ನಡೆಸಿದ್ದರು. ಸಂಬಳವಿಲ್ಲದ ಎರಡೂವರೆ ತಿಂಗಳು ಆ ಮನೆಗಳು ಹೇಗೆ ನಡೆದವು ಎಂಬುದನ್ನು ಅಪ್ಪ ಅಮ್ಮಂದಿರಿಂದ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಭದ್ರತೆ ಕಂಪನಿ ತಾನಾಗಿ ಕೊಟ್ಟ ಉಡುಗೊರೆ ಆಗಿರಲಿಲ್ಲ. ಅದರಲ್ಲಿ ಒಂದು ಪಾಲನ್ನು ಕೇಳಿ ಪಡೆದದ್ದು. ಆ ಭದ್ರತೆಯೂ ಶಾಶ್ವತವಲ್ಲ. ಎಚ್‌ಎಂಟಿ ಕೈಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ತೀರ್ಮಾನಿಸಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಕೆಲಸ ಉಳಿಯಿತು, ಹೆಸರು ಹೋಯಿತು.

ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು

ಎರಡನೆಯ ಬಗೆಗೆ ಗುರುಗ್ರಾಮದ ಮಾರುತಿಯೇ ಉದಾಹರಣೆ. 1981ರಲ್ಲಿ ಸರ್ಕಾರಿ ಕಂಪನಿಯಾಗಿ ಹುಟ್ಟಿ, ಮರುವರ್ಷ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡು, 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಕಾರನ್ನು ಹೊರತಂದಿತು. ಆಗ ಅದು ದೇಶದಲ್ಲಿ ಸುದ್ದಿಯಾದದ್ದು ಕಾರಿನಿಂದ ಮಾತ್ರವಲ್ಲ, ಕೆಲಸದ ರೀತಿಯಿಂದಲೂ. ಮುಖ್ಯಸ್ಥರಿಂದ ಹಿಡಿದು ಕಾರ್ಮಿಕರವರೆಗೆ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ಅಧಿಕಾರಿಗಳಿಗೆ ಬೇರೆ ಕೋಣೆಗಳಿಲ್ಲ, ಎಲ್ಲರೂ ಕಾಣುವಂತೆ ಕೂರುವ ದೊಡ್ಡ ಹಾಲ್. ಪಾಳಿ ಶುರುವಾಗುವ ಮುಂಚೆ ವ್ಯಾಯಾಮ. ಜವಾನ ಬಂದು ಟೇಬಲ್ ಒರೆಸುವ ತನಕ ಸಾಹೇಬರು ಕಾಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಬದಲಾವಣೆ ಆಗಿರಲಿಲ್ಲ. ಇಂದು ನಮ್ಮ ಆಫೀಸುಗಳಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದು ಕರೆಯುತ್ತೇವಲ್ಲ, ಆ ಸಮಾನತೆಯ ಹಿಂದಿನ ರೂಪ ಇದು ಎನ್ನಬಹುದು.

ಅದೇ ಕಂಪನಿಯ ಮಾನೇಸರ್ ಕಾರ್ಖಾನೆಯಲ್ಲಿ ಮುಂದೆ ಆದದ್ದು ಎಲ್ಲರಿಗೂ ಗೊತ್ತು. 2011ರ ಜೂನ್‌ನಲ್ಲಿ ತಮ್ಮದೇ ಯೂನಿಯನ್ ಬೇಕೆಂದು ಕಾರ್ಮಿಕರು 13 ದಿನ ಮುಷ್ಕರ ಮಾಡಿದರು. ಟೀ ವಿರಾಮ ಏಳೆಂಟು ನಿಮಿಷ, ಒಂದೆರಡು ರಜೆ ಹಾಕಿದರೂ ಪ್ರೋತ್ಸಾಹಧನ ಕಡಿತ, ಪಕ್ಕದಲ್ಲೇ ಅದೇ ಕೆಲಸ ಮಾಡುವ ಗುತ್ತಿಗೆಯವನಿಗೆ ತೀರಾ ಕಡಿಮೆ ಸಂಬಳ ಎಂಬುದು ಅವರ ದೂರುಗಳು. ಆಗಸ್ಟ್ ಕೊನೆಯಲ್ಲಿ ‘ಒಳ್ಳೆಯ ನಡತೆಯ ಮುಚ್ಚಳಿಕೆ’ಗೆ ಸಹಿ ಮಾಡಿದವರಿಗೆ ಮಾತ್ರ ಒಳಗೆ ಪ್ರವೇಶ ಎಂದಾಗ ಗೇಟಿನ ಹೊರಗೆ ತಿಂಗಳಿಗೂ ಹೆಚ್ಚು ಕಾಲ ಬಿಕ್ಕಟ್ಟು ನಡೆಯಿತು. 2012ರ ಜುಲೈ 18ರಂದು ಹಿಂಸೆ ಭುಗಿಲೆದ್ದು, ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಕಂಪನಿ 546 ಕಾಯಂ ಕಾರ್ಮಿಕರನ್ನು ವಜಾ ಮಾಡಿತು. 2017ರ ಮಾರ್ಚಿನಲ್ಲಿ ಗುರುಗ್ರಾಮದ ನ್ಯಾಯಾಲಯ 31 ಜನರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ 117 ಜನರನ್ನು ಬಿಡುಗಡೆ ಮಾಡಿತು. ಬಿಡುಗಡೆಯಾದವರಲ್ಲಿ ಅನೇಕರು ಅಷ್ಟರಲ್ಲಿ ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು.

ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಇಲ್ಲಿ ಬೇಡ. ಒಂದು ಜೀವ ಹೋಯಿತು, ನೂರಾರು ಮನೆಗಳ ಒಲೆ ಆರಿತು. ನಮ್ಮಂಥವರು ಗಮನಿಸಬೇಕಾದ ಸಂಗತಿ ಬೇರೆ. ಸಮವಸ್ತ್ರ, ಕ್ಯಾಂಟೀನು ಒಂದೇ ಆಗಿದ್ದರೂ ಕಾಯಂ ನೌಕರ, ಗುತ್ತಿಗೆ ನೌಕರ ಒಂದೇ ಆಗಿರಲಿಲ್ಲ. ಒಟ್ಟಿಗೆ ಊಟ ಮಾಡಿದ ಮಾತ್ರಕ್ಕೆ ಕಷ್ಟ ಹೇಳಿಕೊಳ್ಳುವ ದಾರಿ ತೆರೆದುಕೊಳ್ಳುವುದಿಲ್ಲ.

ಗಾಜಿನ ಕಟ್ಟಡದ ಒಳಗೆ

ಮೂರನೆಯದು ನಮ್ಮದು. 1997ರಲ್ಲಿ ಜಿಇ ಕ್ಯಾಪಿಟಲ್ ಗುರುಗ್ರಾಮದಲ್ಲಿ ತನ್ನ ಕೇಂದ್ರ ತೆರೆಯಿತು. ಅದೇ ಮುಂದೆ ಜೆನ್‌ಪ್ಯಾಕ್ಟ್ ಆಯಿತು. ಅಮೆರಿಕದ ಹಗಲಿಗೆ ಹೊಂದಿಸಿದ ರಾತ್ರಿ ಪಾಳಿ, ಮನೆ ಬಾಗಿಲಿಗೆ ಬರುವ ಕ್ಯಾಬು, ಬೇರೆ ಹೆಸರು, ಬೇರೆ ಉಚ್ಚಾರಣೆ ಎಲ್ಲ ಆ ಕಾಲದ ಬಿಪಿಒಗಳ ಜೊತೆ ಬಂದವು. ನೊಯ್ಡಾದಲ್ಲಿ ಎಚ್‌ಸಿಎಲ್ ಅದಕ್ಕೂ ಮೊದಲಿನಿಂದ ಇತ್ತು. ಈಗ ಬ್ಯಾಂಕು, ವಿಮೆ, ಔಷಧ ಎಂದು ಎಲ್ಲ ಬಗೆಯ ವಿದೇಶಿ ಕಂಪನಿಗಳ ತಾಂತ್ರಿಕ ಕೇಂದ್ರಗಳು ಇಲ್ಲಿವೆ.

ಇಲ್ಲಿಗೆ ಬೆಂಗಳೂರಿನಿಂದ ಬಂದ ಕನ್ನಡಿಗನಿಗೆ ಮೊದಲ ವರ್ಷದ ಅನುಭವ ಹೆಚ್ಚುಕಡಿಮೆ ಒಂದೇ. ರಜೆಪಟ್ಟಿ ನೋಡಿದರೆ ಲೋಹ್ರಿ ಇರಬಹುದು, ಯುಗಾದಿ ಇರುವುದಿಲ್ಲ. ನವೆಂಬರ್ 1 ಇಲ್ಲಿ ಹರಿಯಾಣ ದಿನ, ಏಕೆಂದರೆ 1966ರಲ್ಲಿ ಆ ರಾಜ್ಯ ಹುಟ್ಟಿದ್ದೂ ಅದೇ ದಿನ. ಹಾಗಾಗಿ ರಾಜ್ಯೋತ್ಸವದ ಶುಭಾಶಯಕ್ಕೆ ಪಕ್ಕದ ಟೇಬಲಿನ ಹರಿಯಾಣದವನು ಖುಷಿಯಿಂದಲೇ ಉತ್ತರ ಕೊಡುತ್ತಾನೆ. ಪೇಸ್ಲಿಪ್ಪಿನಲ್ಲಿ ಕರ್ನಾಟಕದಲ್ಲಿ ಕಡಿತವಾಗುತ್ತಿದ್ದ 200 ರೂಪಾಯಿ ವೃತ್ತಿ ತೆರಿಗೆ ಮಾಯವಾಗುತ್ತದೆ, ಏಕೆಂದರೆ ದೆಹಲಿ, ಹರಿಯಾಣ, ಉತ್ತರ ಪ್ರದೇಶ ಮೂರರಲ್ಲೂ ಅದಿಲ್ಲ. ಮೀಟಿಂಗು ಇಂಗ್ಲಿಷಿನಲ್ಲಿ ಶುರುವಾಗಿ, ನಿಜವಾದ ನಿರ್ಧಾರದ ಹೊತ್ತಿಗೆ ಹಿಂದಿಗೆ ತಿರುಗುತ್ತದೆ. ಭಾಷೆ ಬಂದರೂ, ಆ ಹಿಂದಿಯೊಳಗಿನ ತಮಾಷೆ, ಸಲಿಗೆ ಬರಲು ಎರಡು ಮೂರು ವರ್ಷ ಬೇಕು. ಬಡ್ತಿಯ ಮಾತು ಚಹಾದ ಅಂಗಡಿಯ ಮುಂದೆ ನಡೆಯುವ ಕಡೆ ಇದು ಸಣ್ಣ ನಷ್ಟವಲ್ಲ.

ಇದೆಲ್ಲ ಸಹಿಸಬಹುದಾದದ್ದು. ನಿಜವಾದ ಪರೀಕ್ಷೆ ಬರುವುದು ಕಂಪನಿಗೆ ನಾವು ಬೇಡವಾದ ದಿನ.

ಕೋಣೆಯೊಳಗಿನ ಹತ್ತು ನಿಮಿಷ

2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿಯ ನೌಕರರನ್ನು ಆಂತರಿಕ ಪರೀಕ್ಷೆಯಲ್ಲಿ ಪಾಸಾಗಲಿಲ್ಲವೆಂದು ಬಿಡುಗಡೆ ಮಾಡಿತು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇಕಡ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇವು ಪತ್ರಿಕೆಗೆ ಬಂದವು. ಪತ್ರಿಕೆಗೆ ಬಾರದವು ಎಷ್ಟೋ. ಅವು ಎರಡು ಕುರ್ಚಿಯ ಸಣ್ಣ ಕೋಣೆಯಲ್ಲಿ, ಎಚ್‌ಆರ್ ಜೊತೆಗಿನ ಹತ್ತು ನಿಮಿಷದ ಮಾತಿನಲ್ಲಿ ಮುಗಿಯುತ್ತವೆ.

ಹಾವೇರಿ ಕಡೆಯ ಒಬ್ಬ ಗೆಳೆಯ ನೊಯ್ಡಾದ ಒಂದು ಕಂಪನಿಯಲ್ಲಿ ಏಳು ವರ್ಷ ಇದ್ದ. ಒಂದು ಗುರುವಾರ ಮಧ್ಯಾಹ್ನ ಅವನನ್ನು ಕರೆದು, ‘ನೀವೇ ರಾಜೀನಾಮೆ ಕೊಟ್ಟರೆ ದಾಖಲೆಯಲ್ಲಿ ಏನೂ ಇರುವುದಿಲ್ಲ, ಮುಂದಿನ ಕೆಲಸಕ್ಕೆ ಒಳ್ಳೆಯದು’ ಎಂದರು. ಲ್ಯಾಪ್‌ಟಾಪಿನಲ್ಲಿ ರಾಜೀನಾಮೆಯ ಪುಟ ತೆರೆದೇ ಇತ್ತು. ಇವನು ಹೇಳಿದ್ದು ಇಷ್ಟೇ: ‘ಮನೆಯಲ್ಲಿ ಮಾತಾಡಬೇಕು, ಸೋಮವಾರ ಹೇಳುತ್ತೇನೆ. ನೀವು ಹೇಳಿದ್ದನ್ನು ಒಂದು ಮೇಲ್‌ನಲ್ಲಿ ಬರೆದು ಕಳಿಸಿ.’ ಮೇಲ್ ಬರಲಿಲ್ಲ. ಆದರೆ ಸೋಮವಾರದ ಹೊತ್ತಿಗೆ ನೋಟಿಸಿನ ಸಂಬಳದ ಜೊತೆ ಇನ್ನೆರಡು ತಿಂಗಳ ಸಂಬಳ ಕೊಡುವ ಮಾತು ಬಂತು. ಕೆಲಸ ಉಳಿಯಲಿಲ್ಲ. ಮಗಳ ಶಾಲೆಯ ಆ ವರ್ಷದ ಶುಲ್ಕಕ್ಕೆ ತೊಂದರೆಯಾಗಲಿಲ್ಲ.

ಅವನು ಗೆದ್ದ ಎನ್ನಲಾಗದು. ಆದರೆ ಅವನಿಗೆ ಒಂದು ವಿಷಯ ಗೊತ್ತಿತ್ತು: ಕೆಲಸದಿಂದ ತೆಗೆಯುವುದು ಬೇರೆ, ರಾಜೀನಾಮೆ ಕೊಡುವುದು ಬೇರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಎಂಬ ನಿಯಮವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ. ರಾಜೀನಾಮೆಗೆ ಈ ಪರಿಹಾರ ಇಲ್ಲ. ಐಟಿಯವರು ‘ಕಾರ್ಮಿಕ’ರೇ ಎಂಬುದು ಹಳೆಯ ತಕರಾರು. ಆಡಳಿತ, ನಿರ್ವಹಣೆಯ ಕೆಲಸ ಮಾಡುವವರು ಅದರಿಂದ ಹೊರಗೆ. ಆದರೆ ನ್ಯಾಯಾಲಯಗಳು ನೋಡುವುದು ವಿಸಿಟಿಂಗ್ ಕಾರ್ಡಿನ ಹುದ್ದೆಯನ್ನಲ್ಲ, ದಿನವೂ ಮಾಡುವ ಕೆಲಸವನ್ನು. ಹೆಸರಿಗೆ ‘ಮ್ಯಾನೇಜರ್’ ಆಗಿ ದಿನವಿಡೀ ಕೋಡ್ ಬರೆಯುವವರು ಇದನ್ನು ನೆನಪಿಡಬೇಕು.

ಕೈಯಲ್ಲಿರಬೇಕಾದ ಕಾಗದಗಳು

ಗ್ರಾಚ್ಯುಟಿಯ ಲೆಕ್ಕ ಬೇರೆ. ಐದು ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಅದು ಸಿಗಬೇಕಾದ ಹಣ. ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಬರುತ್ತದೆ. 60 ಸಾವಿರ ಲೆಕ್ಕಕ್ಕೆ ಹಿಡಿದು ಎಂಟು ವರ್ಷ ದುಡಿದಿದ್ದರೆ ಸುಮಾರು 2 ಲಕ್ಷ 77 ಸಾವಿರ. ಕೆಲಸ ಬಿಟ್ಟವರಿಗೂ, ತೆಗೆಯಲ್ಪಟ್ಟವರಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ‘ಫುಲ್ ಅಂಡ್ ಫೈನಲ್’ಗೆ 45 ದಿನ ಕಾಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಇದನ್ನು ಕೇಳಿದವರು ನಗುತ್ತಾರೆ.

ಇನ್ನೊಂದು, ಭವಿಷ್ಯ ನಿಧಿ. ಕಂಪನಿ ಬದಲಿಸಿದಾಗಲೆಲ್ಲ ಹಣ ಹಿಂತೆಗೆಯುವ ಗೆಳೆಯರಿದ್ದಾರೆ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಹಣ ತೆಗೆದರೆ ಆ ಎಣಿಕೆ ಮತ್ತೆ ಒಂದರಿಂದ ಶುರು. ವರ್ಗಾಯಿಸಿದರೆ ನಾಲ್ಕು ಕಂಪನಿಯ ವರ್ಷಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಹೀಗಾಗಿ ನೇಮಕಾತಿ ಪತ್ರ, ಬಡ್ತಿ ಪತ್ರ, ಪ್ರತಿ ತಿಂಗಳ ಪೇಸ್ಲಿಪ್ಪು, ವಾರ್ಷಿಕ ಮೌಲ್ಯಮಾಪನದ ಫಲಿತಾಂಶ ಇವೆಲ್ಲ ಕಂಪನಿಯ ಪೋರ್ಟಲಿನಲ್ಲಿ ಇದ್ದರೆ ಸಾಲದು, ನಮ್ಮ ಬಳಿ ಇರಬೇಕು. ಕೆಲಸ ಹೋದ ದಿನ ಮೊದಲು ಮುಚ್ಚುವುದು ಆ ಪೋರ್ಟಲ್. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ಮುಟ್ಟಬಾರದು. ನಮ್ಮ ಕಾಗದ ನಮ್ಮದು, ಅವರದು ಅವರದು.

ಇನ್ನು ಕಾಗದದಲ್ಲಿ ಸಿಗದ ಒಂದು ವಿಷಯವಿದೆ. ಗಾಜಿಯಾಬಾದಿನ ಕ್ವಾರ್ಟರ್ಸಿನಲ್ಲಿ ಒಬ್ಬನಿಗೆ ತೊಂದರೆಯಾದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಗುರುಗ್ರಾಮದ ಇಪ್ಪತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಕೆಲಸ ಕಳೆದುಕೊಂಡವನು ಪಕ್ಕದ ಮನೆಯವರಿಗೆ ತಿಳಿಯಬಾರದೆಂದು ಬೆಳಿಗ್ಗೆ ಅದೇ ಹೊತ್ತಿಗೆ ಬ್ಯಾಗು ಹಿಡಿದು ಹೊರಡುತ್ತಾನೆ. ಕಂಪನಿ ಈಗ ಊರಲ್ಲ, ಆಗುವುದೂ ಇಲ್ಲ. ಆ ಊರಿನ ಕೆಲಸವನ್ನು ಇಲ್ಲಿ ಯಾರಾದರೂ ಮಾಡಬಹುದಾದರೆ ಅದು ನಮ್ಮ ಸಂಘಗಳು, ವಾಟ್ಸ್ಯಾಪ್ ಗುಂಪುಗಳು, ಹಬ್ಬದ ಊಟಗಳು. ರಾಜ್ಯೋತ್ಸವದ ಸಮಿತಿಗೆ ಜನ ಸಿಗುತ್ತಾರೆ. ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಫೋನ್ ಮಾಡಬಹುದಾದ ಇಬ್ಬರು ಮೂವರು ವಕೀಲರು, ನಿವೃತ್ತ ಬ್ಯಾಂಕಿನವರು, ಎಚ್‌ಆರ್ ಬಲ್ಲವರ ಹೆಸರುಗಳ ಪಟ್ಟಿಯೂ ಪ್ರತಿ ಸಂಘದಲ್ಲಿ ಇದ್ದರೆ ಎಷ್ಟು ಒಳ್ಳೆಯದು.