ಜಾತ್ರೆಯ ರಾತ್ರಿಗೆ ಎಂಥ ಡೇರೆ?

ಸಂಗೀತದ ಹುಚ್ಚಿಗೆ ಊರ ಹೊರಗೊಂದು ಊರನ್ನೇ ಕಟ್ಟಲು ಹೊರಟ ದೊರೆ ಆಳಿದ ಸೀಮೆ ವಿಜಯಪುರ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ತೊರವಿಯ ಬಳಿ ನವರಸಪುರಕ್ಕೆ ಕೈಹಾಕಿದ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಅವತ್ತಿನ ವೈಭವಕ್ಕೆ ಸಾಕ್ಷಿಯಾಗಿ ಸಂಗೀತ ಮಹಲಿನ ಕಮಾನುಗಳು ಉಳಿದಿವೆ. ಅದೇ ಹೆಸರಿನ ನವರಸಪುರ ಉತ್ಸವ ನಡೆದ ವರ್ಷ ನಡೆಯಿತು, ಇಲ್ಲದ ವರ್ಷ ಇಲ್ಲ. ಸರ್ಕಾರವನ್ನು ನಂಬದೆ ಜನ ತಾವೇ ನಡೆಸುವ ಹಾಡಿನ ರಾತ್ರಿಗಳಿಗೆ ಮಾತ್ರ ಈ ಕಡೆ ಬರವಿಲ್ಲ. ತಿಕೋಟಾ, ಬಬಲೇಶ್ವರ ಸುತ್ತಿನ ಜಾತ್ರೆಗಳಲ್ಲಿ ಡೊಳ್ಳಿನ ಪದ, ಗೀಗೀ ಪದಗಳ ಸವಾಲ್-ಜವಾಬು ಬೆಳಗಾಗುವವರೆಗೆ ನಡೆಯುತ್ತವೆ. ಸಂಕ್ರಮಣದ ಹೊತ್ತಿಗೆ ನಗರದ ಸಿದ್ಧೇಶ್ವರ ಜಾತ್ರೆ. ಅದರ ಜಾನುವಾರು ಸಂತೆಗೆ ಖಿಲಾರಿ ಎತ್ತು ಹೊಡೆದುಕೊಂಡು ಬಂದವರು ತಾಡಪತ್ರಿ ಕಟ್ಟಿ, ಕೌದಿ ಹೊದ್ದು ಬಯಲಲ್ಲೇ ಮಲಗುತ್ತಾರೆ.

ಈಚೆಗೆ ತಾಡಪತ್ರಿಯ ಪಕ್ಕ ಮೊಬೈಲಿನಲ್ಲಿ ತರಿಸಿಕೊಂಡ ಬಣ್ಣಬಣ್ಣದ ಗುಮ್ಮಟ ಡೇರೆಗಳೂ ಕಾಣತೊಡಗಿವೆ. ಐದಾರು ಗೆಳೆಯರು ದುಡ್ಡು ಕೂಡಿಸಿ ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ, ಮಳೆ ತಡೆಯುತ್ತದೆಯೇ ಎಂಬುದು. ಸಂಕ್ರಮಣದಲ್ಲಿ ಈ ಜಿಲ್ಲೆಯಲ್ಲಿ ಮಳೆ ಎಲ್ಲಿಂದ ಬರಬೇಕು? ಇಲ್ಲಿ ಡೇರೆಯನ್ನು ಕೆಡಿಸುವವು ಗಾಳಿ, ಎರೆ ನೆಲ ಮತ್ತು ಮೋಡವಿಲ್ಲದ ಆಕಾಶ. ಒಳಗೆ ಮಲಗಿದವರ ಉಸಿರೂ ಆ ಪಟ್ಟಿಗೆ ಸೇರುತ್ತದೆ.

ಚೀಲದ ಮೇಲಿನ ಸಂಖ್ಯೆಯಿಂದಲೇ ಶುರುಮಾಡೋಣ. ‘4 ಜನರ ಡೇರೆ’ ಎಂದರೆ ತಯಾರಕರ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲದ ಜಾಗ. ನಾಲ್ವರಿಗೆ 2.4 ಮೀಟರ್. ಸಾಧಾರಣ ಆಳಿನ ಭುಜದ ಅಗಲವೇ 45 ಸೆಂಟಿಮೀಟರ್ ದಾಟುತ್ತದೆ. ಅಂದರೆ ಮಗ್ಗುಲು ಬದಲಿಸಬೇಕಾದರೆ ನಾಲ್ವರೂ ಒಟ್ಟಿಗೇ ಬದಲಿಸಬೇಕು. ಈ ಲೆಕ್ಕದಲ್ಲಿ ಚೀಲ, ಚಪ್ಪಲಿ, ಬುತ್ತಿಗಂಟಿಗೆ ಜಾಗವೇ ಇಲ್ಲ. ಆರು ಮಂದಿಗೆ ‘6 ಜನರ’ ಡೇರೆ ತಂದವರು ರಾತ್ರಿಯೆಲ್ಲ ಕೂತೇ ಇರಬೇಕಾಗುತ್ತದೆ. ಹಾಗಾದರೆ ‘8 ಜನರ’ ದೊಡ್ಡದೊಂದು ತರೋಣವೇ? ನನ್ನ ಮಟ್ಟಿಗೆ ನಾಲ್ಕು ಜನರವು ಎರಡು ತರುವುದು ಜಾಣತನ. ಹಾಡು ಕೇಳಲು ಹೋದ ಗುಂಪು ಒಟ್ಟಿಗೆ ಮರಳುವುದಿಲ್ಲ. ಹತ್ತಕ್ಕೆ ಮಲಗುವವರಿಗೊಂದು, ನಸುಕಿನಲ್ಲಿ ತೂರಾಡುತ್ತ ಬರುವವರಿಗೊಂದು ಇದ್ದರೆ ಸ್ನೇಹ ಉಳಿಯುತ್ತದೆ. ಭೌತಶಾಸ್ತ್ರವೂ ಇದೇ ಮಾತು ಹೇಳುತ್ತದೆ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 36 ಕಿಲೋಮೀಟರ್ ಗಾಳಿ ಎದುರಿಗೆ ಸಿಕ್ಕ ಒಂದು ಚದರ ಮೀಟರ್ ಬಟ್ಟೆಯನ್ನು ಸುಮಾರು 6 ಕಿಲೋ ತೂಕದಷ್ಟು ಬಲದಿಂದ ನೂಕುತ್ತದೆ. ವೇಗ ಇಮ್ಮಡಿಯಾಗಿ 72 ಮುಟ್ಟಿದರೆ ಅದು 12 ಆಗುವುದಿಲ್ಲ, 24 ಆಗುತ್ತದೆ. ಡೇರೆಯ ಉದ್ದ, ಎತ್ತರ ಎರಡನ್ನೂ ದುಪ್ಪಟ್ಟು ಮಾಡಿದರೆ ಗಾಳಿಗೆ ಎದುರಾಗುವ ಬಟ್ಟೆ ನಾಲ್ಕು ಪಟ್ಟು ಆಗುತ್ತದೆ. ಜೊತೆಗೆ ನೆಲದಿಂದ ಮೇಲೇರಿದಷ್ಟೂ ಗಾಳಿಯ ವೇಗವೂ ಹೆಚ್ಚು. ನಿಂತು ಬಟ್ಟೆ ಬದಲಿಸಲು ಬರುವ ಎತ್ತರದ ಡೇರೆ ಅಂಗಡಿಯಲ್ಲಿ ಮನಸ್ಸು ಸೆಳೆಯುತ್ತದೆ, ಗಿಡ-ಮರವಿಲ್ಲದ ಬಯಲಿನಲ್ಲಿ ಮೊದಲು ಮಗುಚುವುದೂ ಅದೇ.

ಗೋಳಗುಮ್ಮಟದ ಊರಿನವರಿಗೆ ಗುಮ್ಮಟದ ಗಟ್ಟಿತನವನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನಿಂದ 44 ಮೀಟರ್ ವ್ಯಾಸದ ಆ ಗುಮ್ಮಟವನ್ನು ನಿಲ್ಲಿಸಿರುವುದು ಅದರ ತೂಕ. ಕಲ್ಲು-ಗಾರೆ ಕೆಳಗೆ ಒತ್ತುತ್ತದೆ, ಗೋಡೆ ಆ ಭಾರ ಹೊರುತ್ತದೆ. ಬಟ್ಟೆಯ ಗುಮ್ಮಟಕ್ಕೆ ತೂಕವೇ ಇಲ್ಲ. ಅದರ ನೆತ್ತಿಯ ಮೇಲೆ ಹಾಯುವ ಗಾಳಿ ವೇಗ ಪಡೆದು ಒತ್ತಡ ಕಳೆದುಕೊಳ್ಳುವುದರಿಂದ ಡೇರೆ ಮೇಲಕ್ಕೇ ಎಳೆಯಲ್ಪಡುತ್ತದೆ. ಹಾಗಾಗಿ ಕಲ್ಲಿನ ಗುಮ್ಮಟಕ್ಕೆ ಕೆಳಗೆ ಆಸರೆ ಬೇಕು, ಬಟ್ಟೆಯ ಗುಮ್ಮಟಕ್ಕೆ ಕೆಳಗಿನಿಂದ ಹಿಡಿತ ಬೇಕು. ಅಂದರೆ ಗೂಟ ಮತ್ತು ಹಗ್ಗ.

ತಾಡಪತ್ರಿ ಕಟ್ಟುವಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಗಿಯಾಗಿ, ಸಪಾಟಾಗಿ ಎಳೆದು ಕಟ್ಟಿದರೆ ಗಟ್ಟಿ ಎಂದು ಹಲವರ ನಂಬಿಕೆ. ಬಟ್ಟೆ ಗಾಳಿಯ ಒತ್ತಡವನ್ನು ತಡೆಯುವುದು ಬಾಗುವ ಮೂಲಕ. ಬಾಗು ಕಡಿಮೆಯಾದಷ್ಟೂ ಅಂಚಿನ ಮೇಲಿನ ಎಳೆತ ಏರುತ್ತದೆ. ಮೂರು ಮೀಟರ್ ಅಗಲದ ತಾಡಪತ್ರಿ ಆ 36 ಕಿಲೋಮೀಟರ್ ಗಾಳಿಯಲ್ಲಿ ನಡುವೆ 15 ಸೆಂಟಿಮೀಟರ್ ಮಾತ್ರ ಉಬ್ಬಿದರೆ ಅಂಚಿನ ಪ್ರತಿ ಮೀಟರಿಗೆ ಸುಮಾರು 45 ಕಿಲೋ ಎಳೆತ. ಅದೇ 45 ಸೆಂಟಿಮೀಟರ್ ಉಬ್ಬಲು ಬಿಟ್ಟರೆ 16 ಕಿಲೋ. ಸಪಾಟು ತಾಡಪತ್ರಿಯ ರಿಂಗುಗಳು ಒಂದೊಂದಾಗಿ ಕಿತ್ತುಬರುವುದು ಇದೇ ಕಾರಣಕ್ಕೆ. ಹಾಗಂತ ಸಡಿಲ ಬಿಟ್ಟರೆ ಪಟಪಟ ಬಡಿದುಕೊಂಡು ಹರಿಯುತ್ತದೆ. ಎದುರುಬದುರಿನ ಎರಡು ಮೂಲೆಗಳನ್ನು ಎತ್ತರಕ್ಕೆ, ಉಳಿದೆರಡನ್ನು ತಗ್ಗಿಗೆ ಕಟ್ಟುವುದು ನಡುದಾರಿ. ಆಗ ಬಟ್ಟೆ ಎರಡು ದಿಕ್ಕಿಗೂ ಬಾಗಿರುತ್ತದೆ, ಬಡಿದುಕೊಳ್ಳುವುದೂ ಇಲ್ಲ. ರಿಂಗು ಹೋದ ಕಡೆ ನಮ್ಮ ರೈತರು ಮಾಡುವ ಉಪಾಯ ನೋಡಬೇಕು. ಅಂಚಿನಿಂದ ಗೇಣು ಒಳಗೆ ತಾಡಪತ್ರಿಯ ಕೆಳಗೊಂದು ದುಂಡನೆಯ ಬೆಣಚುಕಲ್ಲು ಇಟ್ಟು, ಬಟ್ಟೆಯನ್ನು ಅದರ ಸುತ್ತ ಮುದುಡಿ, ಕುತ್ತಿಗೆಗೆ ಹಗ್ಗ ಬಿಗಿಯುತ್ತಾರೆ. ಎಳೆತವೆಲ್ಲ ಒಂದು ತೂತಿನ ಅಂಚಿನಲ್ಲಿ ಕೂಡುವ ಬದಲು ಕಲ್ಲನ್ನು ಸುತ್ತಿದ ಬಟ್ಟೆಯ ತುಂಬ ಹಂಚಿಹೋಗುತ್ತದೆ. ಕಾರ್ಖಾನೆ ಹಾಕಿದ ಹಿತ್ತಾಳೆ ರಿಂಗಿಗಿಂತ ಇದು ಗಟ್ಟಿ.

ಇನ್ನು ಗೂಟ. ಡೇರೆಯ ಜೊತೆ ಬರುವ ತಂತಿಯಂಥ ಗೂಟಗಳು ಹುಲ್ಲುಹಾಸಿಗೆ ಮಾಡಿದವು. ಇಲ್ಲಿ ಕಾಲ ಕೆಳಗಿರುವುದು ದಖ್ಖನಿನ ಕಪ್ಪುಕಲ್ಲು, ಅದು ಸವೆದು ಆದ ಎರೆ, ಅರೆಬರೆ ಸವೆದ ಮಡ್ಡಿ. ಮಡ್ಡಿಯಲ್ಲಿ ತಂತಿ ಗೂಟ ಎರಡು ಏಟಿಗೆ ಡೊಂಕಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ 10-12 ಮಿಲಿಮೀಟರ್ ಸರಳನ್ನು ಒಂದು ಅಡಿಗೆ ಕತ್ತರಿಸಿ ತುದಿ ಚೂಪು ಮಾಡಿಸಿಕೊಂಡರೆ ಸಾಕು. ಎರೆಯ ಸ್ವಭಾವ ಬೇರೆ. ಅದರ ಜೇಡಿಕಣಗಳ ಪದರಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಸಿ ಎರೆಯಲ್ಲಿ ಗೂಟ ಸಲೀಸಾಗಿ ಇಳಿದು ಅಷ್ಟೇ ಸಲೀಸಾಗಿ ಕಿತ್ತುಬರುತ್ತದೆ. ಒಣ ಎರೆಯಲ್ಲಿ ಬಿರುಕಿನ ಪಕ್ಕ ಹೊಡೆದರೆ ಹೆಂಟೆಯ ಸಮೇತ ಏಳುತ್ತದೆ. ಇಲ್ಲಿಗೆ ಅಗಲದ ಗೂಟ ಬೇಕು, ಕಬ್ಬಿಣದ ಆಂಗಲ್ ತುಂಡು ಒಳ್ಳೆಯದು. ತಲೆ ಡೇರೆಯಿಂದ ಆಚೆಗೆ ವಾಲುವಂತೆ ಹೊಡೆಯಬೇಕು. ಅದೂ ನಿಲ್ಲದಿದ್ದರೆ ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ, ನಡುವಿಗೆ ಹಗ್ಗ ಕಟ್ಟಿ ಮೊಣಕೈ ಆಳಕ್ಕೆ ಹೂಳಬೇಕು. ನೈಲಾನ್ ಹಗ್ಗ ಇಬ್ಬನಿಗೆ ತೊಯ್ದರೆ ಹಿಗ್ಗುತ್ತದೆ. ಮಲಗುವ ಮುಂಚೆ ಒಮ್ಮೆ ಎಲ್ಲ ಹಗ್ಗಗಳನ್ನು ಬಿಗಿದುಬಿಡಿ.

ಇದೇ ನೆಲದ ಮೇಲೆ ಮೊಘಲರ ಡೇರೆಗಳೂ ನಿಂತಿದ್ದವು. 1685ರಲ್ಲಿ ಆರಂಭವಾದ ಮುತ್ತಿಗೆ 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾಗುವವರೆಗೂ ನಡೆಯಿತು. ಮೊಘಲರ ಬೀಡು ಎಂಥದಿರುತ್ತಿತ್ತು ಎಂಬುದನ್ನು ನೂರು ವರ್ಷ ಮುಂಚಿನ ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಅಕ್ಬರನ ಡೇರೆ ಸಾಮಾನು ಹೊರಲು 100 ಆನೆ, 500 ಒಂಟೆ, 400 ಗಾಡಿ ಬೇಕಾಗುತ್ತಿದ್ದವಂತೆ. ಬಾದಶಹನಿಗೆ ಎರಡು ಸೆಟ್ಟು ಡೇರೆ. ಒಂದರಲ್ಲಿ ಆತ ತಂಗಿರುವಾಗಲೇ ಇನ್ನೊಂದು ಮುಂದಿನ ಮಜಲಿಗೆ ಹೊರಟಿರುತ್ತಿತ್ತು. ನಮಗೆ ಆನೆ ಬೇಡ. ಗುಂಪಿನಲ್ಲಿ ಇಬ್ಬರು ಹೊತ್ತು ಮುಳುಗುವ ಮುಂಚೆ ಹೋಗಿ ಗೂಟ ಹೊಡೆದಿಟ್ಟರೆ ಆಯಿತು.

ಗಾಳಿ ನಿಂತ ರಾತ್ರಿ ಇನ್ನೊಂದು ಕಾಟ ಶುರುವಾಗುತ್ತದೆ. ಜನವರಿಯಲ್ಲಿ ವಿಜಯಪುರದ ಇರುಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೋಡವಿಲ್ಲದ ಒಣ ಆಕಾಶಕ್ಕೆ ನೆಲವೂ ಡೇರೆಯೂ ತಮ್ಮ ಶಾಖವನ್ನು ಅವಕೆಂಪು ಕಿರಣಗಳಾಗಿ ಸುರಿಯುತ್ತವೆ, ಮರಳಿ ಬರುವುದು ಕಡಿಮೆ. ಹಾಗಾಗಿ ತೆಳು ಬಟ್ಟೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಈಗ ಒಳಗಿನವರ ಲೆಕ್ಕ ಹಿಡಿಯಿರಿ. ಬೆವರದೆ ಸುಮ್ಮನಿದ್ದರೂ ಉಸಿರು ಮತ್ತು ಚರ್ಮದ ಮೂಲಕ ಒಬ್ಬರಿಂದ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಆವಿಯಾಗುತ್ತದೆ, ಗಂಟೆಗೆ 33 ಗ್ರಾಂ. ಆರು ಮಂದಿಯಿಂದ ಗಂಟೆಗೆ 200 ಗ್ರಾಂ. 15 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹಿಡಿಯಬಲ್ಲ ಆವಿ 13 ಗ್ರಾಂಗಿಂತ ತುಸು ಕಡಿಮೆ. ಹೊರಗಿನ ಗಾಳಿಯಲ್ಲಿ ಮೊದಲೇ ಶೇಕಡಾ 60ರಷ್ಟು ತೇವವಿದ್ದರೆ, 10 ಘನ ಮೀಟರಿನ ಡೇರೆಯಲ್ಲಿ ಇನ್ನು ಹಿಡಿಸುವುದು 50 ಗ್ರಾಂ ಮಾತ್ರ. ಬಾಗಿಲು, ಕಿಟಕಿ ಎಲ್ಲ ಮುಚ್ಚಿದರೆ ಕಾಲು ಗಂಟೆಯಲ್ಲಿ ಅದು ತುಂಬಿತು. ಮಿಕ್ಕ ನೀರೆಲ್ಲ ತಣ್ಣಗಿನ ಬಟ್ಟೆಗೆ ಅಂಟಿ, ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಡೇರೆ ಸೋರುತ್ತದೆಂದು ಅಂಗಡಿಯವನನ್ನು ಬೈಯುವವರಲ್ಲಿ ಹೆಚ್ಚಿನವರು ತಮ್ಮದೇ ಉಸಿರಿಗೆ ತೊಯ್ದವರು.

ಮದ್ದು ಎರಡು. ಡೇರೆಗೆ ಎರಡು ಪದರ ಇರಬೇಕು. ಒಳಗೆ ಜಾಳಿಗೆ, ಹೊರಗೆ ನೀರು ತಡೆಯುವ ಬಟ್ಟೆ, ನಡುವೆ ಗೇಣು ಜಾಗ. ಹನಿ ಹೊರಪದರಕ್ಕೆ ಕೂತು ಅಂಚಿಗೆ ಜಾರುತ್ತದೆ, ಜಾಳಿಗೆ ಒಣಗಿಯೇ ಇರುತ್ತದೆ. ಇನ್ನೊಂದು, ಗಾಳಿ ತಗ್ಗಿನಲ್ಲಿ ಒಳಬಂದು ನೆತ್ತಿಯಲ್ಲಿ ಹೊರಹೋಗುವ ಕಿಂಡಿಗಳು. ತಿಕೋಟಾ ಸುತ್ತಲಿನ ಒಣದ್ರಾಕ್ಷಿ ಶೆಡ್ಡುಗಳು ನಿಂತಿರುವುದೇ ಈ ತತ್ವದ ಮೇಲೆ. ಮೇಲೆ ಸೂರು, ಮಗ್ಗುಲಿಗೆ ಬರೀ ನೆಟ್ಟು, ಸಾಲುಸಾಲು ಬಲೆಗಳ ಮೇಲೆ ಹರಡಿದ ಹಣ್ಣಿನ ನಡುವೆ ಹಾಯುವ ಗಾಳಿ. ಶೆಡ್ಡಿನ ಮಗ್ಗುಲು ಕಟ್ಟಿಬಿಟ್ಟರೆ ದ್ರಾಕ್ಷಿ ಒಣಗುವುದಿಲ್ಲ, ಕೊಳೆಯುತ್ತದೆ.

ಕಿಂಡಿ ತೆರೆದರೆ ಥಂಡಿ ಎಂದು ಒಳಗೆ ಕೆಂಡದ ಶೇಗಡಿ ಇಟ್ಟುಕೊಳ್ಳುವ ಯೋಚನೆ ಯಾರಿಗೂ ಬರಕೂಡದು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಮಲಗಿದವರು ಏಳುವುದಿಲ್ಲ. ಚಳಿ ಬಹುಪಾಲು ನೆಲದಿಂದ ಏರುತ್ತದೆ, ಆದ್ದರಿಂದ ಹೊದಿಕೆಗಿಂತ ಹಾಸಿಗೆಗೆ ಗಮನ ಕೊಡಿ. ಡೇರೆಯ ತಳದ ಕೆಳಗೆ ಜೋಳದ ಕಣಿಕೆ ಹರಡಿದರೆ ದಂಟುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆದು ಹಿಡಿಯುತ್ತದೆ. ದನದ ಸಂತೆಯಲ್ಲಿ ಕಣಿಕೆಗೇನು ಬರ!

ತಳ ಎಂದೆನಲ್ಲ, ಅದು ಗೋಡೆಗೆ ಹೊಲಿದೇ ಇರಬೇಕು. ಬಿರುಕು ಬಿಟ್ಟ ಎರೆಯಲ್ಲಿ ಚೇಳು, ಹಾವುಗಳಿಗೆ ಮನೆ ಸಿಗುತ್ತದೆ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಬಹಳ ಕಡಿಮೆ ಎಂದು ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ನಡೆದ ಅಧ್ಯಯನ ತೋರಿಸಿದೆ. ಜಿಪ್ಪು ಸರಿಯಿರುವ ಜಾಳಿಗೆಯ ಡೇರೆ ಅದೇ ಕೆಲಸ ಮಾಡುತ್ತದೆ. ತಳದ ಬಟ್ಟೆಯ ಮೇಲೆ ‘3000 ಎಂಎಂ’ ಎಂದು ಬರೆದಿದ್ದರೆ, ಅದು ಮೂರು ಮೀಟರ್ ಎತ್ತರದ ನೀರಿನ ಕಂಬದ ಒತ್ತಡ ತಡೆಯುತ್ತದೆಂದು ಅರ್ಥ. ಮಳೆ ಅಷ್ಟು ಒತ್ತುವುದಿಲ್ಲ, ಮಂಡಿ ಒತ್ತುತ್ತದೆ. 70 ಕಿಲೋ ಆಳು ಎರಡು ಮಂಡಿಯೂರಿದಾಗ, ನೆಲಕ್ಕೆ ತಾಗುವ ಜಾಗ 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದು 3500 ಎಂಎಂಗೆ ಸಮ. ಹೊರಪದರಕ್ಕೆ 1500 ಇದ್ದರೂ ನಡೆದೀತು, ತಳಕ್ಕೆ ಜಿಪುಣತನ ಬೇಡ.

ಏಪ್ರಿಲ್-ಮೇ ಜಾತ್ರೆಗಳ ಮಾತೇ ಬೇರೆ. ಬಿಸಿಲು 40 ಡಿಗ್ರಿ ಮುಟ್ಟುವ ಹಗಲಲ್ಲಿ ಡೇರೆಯೊಳಗೆ ಕೂರುವಂತಿಲ್ಲ, ಬೇವಿನ ಮರದ ನೆರಳೇ ಗತಿ. ಸಂಜೆ ಗುಡುಗು-ಸಿಡಿಲಿನ ಅಡ್ಡಮಳೆ ಬಂದರೆ ಆ ಮರವೂ ಬೇಡ, ಡೇರೆಯೂ ಬೇಡ. ಪಕ್ಕಾ ಕಟ್ಟಡಕ್ಕೆ ಓಡಿ, ಇಲ್ಲವಾದರೆ ಗಾಜು ಏರಿಸಿದ ಕಾರು-ಜೀಪಿನೊಳಗೆ ಕೂರಿ.

ಕೊನೆಗೆ ಸದ್ದಿನ ವಿಚಾರ. ಡೇರೆ ಎಷ್ಟೇ ದುಬಾರಿಯಾದರೂ ಸದ್ದು ತಡೆಯುವುದಿಲ್ಲ. ಸದ್ದನ್ನು ತಡೆಯುವುದು ತೂಕ. ದಪ್ಪ ಇಟ್ಟಿಗೆ ಗೋಡೆ ಚದರ ಮೀಟರಿಗೆ ನಾಲ್ಕುನೂರು ಕಿಲೋ ತೂಗಿದರೆ ಡೇರೆಯ ಬಟ್ಟೆ ನೂರು ಗ್ರಾಂ ಕೂಡ ತೂಗುವುದಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ನಿಲ್ಲಿಸಬೇಕೆಂದು 2000ದ ನಿಯಮಗಳು ಹೇಳುತ್ತವೆ, ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ನಡುರಾತ್ರಿಯವರೆಗೆ ರಿಯಾಯಿತಿ ಕೊಡಬಹುದು. ಜಾತ್ರೆಯಲ್ಲಿ ಇದು ಎಷ್ಟು ಪಾಲನೆಯಾಗುತ್ತದೆಂದು ಓದುಗರಿಗೇ ಗೊತ್ತು. ಚಳಿಗಾಲದ ರಾತ್ರಿ ಸದ್ದು ಇನ್ನೂ ದೂರ ಹೋಗುತ್ತದೆ. ನೆಲ ತಣ್ಣಗಾಗಿ ಕೆಳಗಿನ ಗಾಳಿ ತಂಪಾಗಿ, ಮೇಲಿನದು ಬೆಚ್ಚಗೆ ಉಳಿಯುತ್ತದೆ. ಒಂದೊಂದು ಡಿಗ್ರಿ ಹೆಚ್ಚಿದಂತೆ ಸದ್ದಿನ ವೇಗ ಸೆಕೆಂಡಿಗೆ 0.6 ಮೀಟರ್ ಏರುವುದರಿಂದ, ಮೇಲಕ್ಕೆ ಹೊರಟ ಅಲೆಗಳು ಬಾಗಿ ಮತ್ತೆ ನೆಲಕ್ಕಿಳಿಯುತ್ತವೆ. ಮಧ್ಯಾಹ್ನ ಪಕ್ಕದ ಹೊಲಕ್ಕೂ ಕೇಳದ ಡೊಳ್ಳು ರಾತ್ರಿ ಮುಂದಿನ ಊರಿಗೆ ಕೇಳುವ ಗುಟ್ಟು ಇದು.

ಗಾಳಿಯೂ ಹೀಗೇ ಸದ್ದನ್ನು ಬಾಗಿಸುತ್ತದೆ. ಗಾಳಿ ಬೀಸಿದ ದಿಕ್ಕಿಗೆ ಹೋಗುವ ಸದ್ದು ಕೆಳಕ್ಕೆ ಬಾಗುತ್ತದೆ, ಎದುರುಗಾಳಿಗೆ ಹೋಗುವುದು ಮೇಲಕ್ಕೆದ್ದು ತಲೆಯ ಮೇಲೆ ಹಾದುಹೋಗುತ್ತದೆ. ಸಂಕ್ರಮಣದ ದಿನಗಳಲ್ಲಿ ಇಲ್ಲಿ ಬೀಸುವುದು ಹೆಚ್ಚಾಗಿ ಮೂಡಗಾಳಿ. ನಿದ್ದೆ ಬೇಕಾದವರು ವೇದಿಕೆಯ ಮೂಡಣಕ್ಕೆ ಡೇರೆ ಹಾಕಲಿ. ಮಲಗಿಕೊಂಡೇ ಬೆಳತನಕ ಸವಾಲ್-ಜವಾಬು ಕೇಳುವ ಆಸೆಯುಳ್ಳವರಿಗೆ ಪಡುವಣದ ಬಯಲು ಇದ್ದೇ ಇದೆ.