‘ನಾಳೆ ಬಾ’ ಎನ್ನುವ ಅಂಚೆಪೆಟ್ಟಿಗೆ

ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ಬರೆಯುವ ರೂಢಿಯೊಂದು ನಮ್ಮ ನಾಡಿನ ಅನೇಕ ಊರುಗಳಲ್ಲಿ ಇದ್ದುದನ್ನು ವಾಚಕರಲ್ಲಿ ಹಲವರು ಬಲ್ಲರು. ರಾತ್ರಿಯ ಹೊತ್ತು ಬಂದು ಬಾಗಿಲು ತಟ್ಟುವ ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ! ಹೀಗೆ ಆ ದೆವ್ವಕ್ಕೆ ನಾಳೆ ಎಂಬುದು ಬರುವುದೇ ಇಲ್ಲ. ದೆವ್ವಕ್ಕೆ ಅಕ್ಷರಜ್ಞಾನವುಂಟು, ಅದೂ ಕನ್ನಡದ ಅಕ್ಷರಜ್ಞಾನ ಎಂಬ ವಿಷಯದಲ್ಲಿ ನಮ್ಮಂಥ ಕನ್ನಡ ಮೇಷ್ಟರುಗಳಿಗೆ ವಿಶೇಷ ಸಂತೋಷ.

ಆ ದೆವ್ವದ ನೆನಪು ಈಗ ಬರಲು ಕಾರಣವುಂಟು. ೨೦೧೮ರಲ್ಲಿ ಗೂಗಲ್ ಸಂಸ್ಥೆಯು ತನ್ನ ಜಿಮೇಲನ್ನು ಹೊಸದಾಗಿ ರೂಪಿಸಿದಾಗ ‘ಸ್ನೂಜ್’ ಎಂಬ ಸೌಕರ್ಯವೊಂದನ್ನು ಅದಕ್ಕೆ ಸೇರಿಸಿತು. ಬೆಳಗಿನ ಅಲಾರಂ ಗಡಿಯಾರದ ತಲೆಯನ್ನು ಅದುಮಿ ಇನ್ನೊಂದು ಗಳಿಗೆ ಮಲಗುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತು ಅದು. ಬಂದ ಕಾಗದದ ಪಕ್ಕದಲ್ಲಿ ಗಡಿಯಾರದ ಸಣ್ಣ ಚಿತ್ರವೊಂದಿರುತ್ತದೆ. ಅದನ್ನು ಒತ್ತಿ ‘ನಾಳೆ’ ಎಂದೋ ‘ಮುಂದಿನ ವಾರ’ ಎಂದೋ ಹೇಳಿದರೆ ಕಾಗದವು ಕಣ್ಣ ಮುಂದಿನಿಂದ ಮರೆಯಾಗಿ, ಹೇಳಿದ ಹೊತ್ತಿಗೆ ಸರಿಯಾಗಿ ಹೊಸ ಕಾಗದದಂತೆ ಪೆಟ್ಟಿಗೆಯ ಮೇಲ್ತುದಿಗೆ ಬಂದು ಕುಳಿತುಕೊಳ್ಳುತ್ತದೆ. ಈ ಉಪಾಯ ಜಿಮೇಲಿನ ಸ್ವಂತದ್ದಲ್ಲ. ೨೦೧೩ರಲ್ಲಿ ‘ಮೇಲ್‌ಬಾಕ್ಸ್’ ಎಂಬ ತಂತ್ರಾಂಶವು ಇದನ್ನೇ ತನ್ನ ಮುಖ್ಯ ಆಕರ್ಷಣೆಯನ್ನಾಗಿ ಮಾಡಿಕೊಂಡು ಬಂದಿತ್ತು. ಅದನ್ನು ಪಡೆಯಲು ಜನರು ಸರದಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದರು. ಅದೇ ವರ್ಷ ಡ್ರಾಪ್‌ಬಾಕ್ಸ್ ಸಂಸ್ಥೆಯು ಅದನ್ನು ಕೊಂಡಿತು, ೨೦೧೬ರಲ್ಲಿ ಮುಚ್ಚಿತು. ಗೂಗಲಿನವರೇ ೨೦೧೪ರಲ್ಲಿ ಹೊರತಂದ ‘ಇನ್‌ಬಾಕ್ಸ್’ನಲ್ಲಿಯೂ ಈ ಸೌಕರ್ಯವಿತ್ತು, ೨೦೧೯ರಲ್ಲಿ ಅದೂ ಕಣ್ಮುಚ್ಚಿತು. ನಮ್ಮ ಕಾಲವನ್ನು ಉಳಿಸಿಕೊಡುತ್ತೇವೆಂದು ಬರುವ ಇಂಥವುಗಳಿಗೆ ಆಯುಷ್ಯವೇ ಕಡಮೆ!

ದೆವ್ವಕ್ಕೂ ಕಾಗದಕ್ಕೂ ಒಂದು ಭೇದವುಂಟು. ದೆವ್ವ ಒಂದೇ, ಕಾಗದಗಳು ಹಲವು. ಇಂದು ‘ನಾಳೆ ಬಾ’ ಎನಿಸಿಕೊಂಡ ಇಪ್ಪತ್ತು ಕಾಗದಗಳು ನಾಳೆಯ ಇಪ್ಪತ್ತು ಕಾಗದಗಳ ಕೈಹಿಡಿದುಕೊಂಡು ಬಾಗಿಲಿಗೆ ಬಂದರೆ ಗೃಹಸ್ಥನ ಗತಿಯೇನು? ಆದುದರಿಂದ ಈ ಸೌಕರ್ಯವನ್ನು ಕೆಲಸ ತಪ್ಪಿಸಿಕೊಳ್ಳಲು ಬಳಸುವುದಕ್ಕಿಂತ ಕಾಗದಕ್ಕೆ ಅದರ ಸರಿಯಾದ ಹೊತ್ತನ್ನು ಗೊತ್ತುಮಾಡಲು ಬಳಸುವುದು ಮೇಲು. ಮುಂದಿನ ತಿಂಗಳ ರೈಲಿನ ಟಿಕೆಟ್ಟು ಇಂದು ಬಂದಿದೆಯೆನ್ನಿ. ಪ್ರಯಾಣದ ದಿನ ಬೆಳಿಗ್ಗೆ ಅದು ಪೆಟ್ಟಿಗೆಯ ಮೇಲ್ತುದಿಯಲ್ಲಿ ಇರಬೇಕು, ಅಷ್ಟೆ. ಇಂಥ ಕಡೆ ‘ಸ್ನೂಜ್’ ಮನೆಯ ಹಳೆಯ ನಂಬಿಕಸ್ಥ ಆಳಿನಂತೆ ಕೆಲಸ ಮಾಡುತ್ತದೆ.

ಇಷ್ಟೊಂದು ಉಪಾಯಗಳ ಅಗತ್ಯವಾದರೂ ಏಕೆ ಬಂದಿತು? ೧೯೭೧ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ರೇ ಟಾಮ್ಲಿನ್‌ಸನ್ ಎಂಬ ಯಂತ್ರತಜ್ಞರು ಪಕ್ಕಪಕ್ಕದಲ್ಲಿದ್ದ ಎರಡು ಗಣಕಯಂತ್ರಗಳ ನಡುವೆ ಜಾಲದ ಮೂಲಕ ಮೊದಲ ಇ-ಮೇಲನ್ನು ಕಳುಹಿಸಿದರು. ಹೆಸರಿಗೂ ಯಂತ್ರಕ್ಕೂ ನಡುವೆ ಇಂದು ನಾವೆಲ್ಲರೂ ಹಾಕುವ ಸುರುಳಿಯ ಚಿಹ್ನೆಯನ್ನು ಆರಿಸಿದವರೂ ಅವರೇ. ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲವು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದಕ್ಕೆ ಹಿಂದೆ ತುರ್ತು ಸಮಾಚಾರವೆಂದರೆ ತಂತಿ. ತಂತಿ ಕಳುಹಿಸುವವನು ಪದಕ್ಕೆ ಇಷ್ಟೆಂದು ಹಣ ತೆರಬೇಕಾಗಿತ್ತು. ಹಾಗಾಗಿ ನಾಲ್ಕು ಬಾರಿ ಯೋಚಿಸಿ, ಪದಗಳನ್ನು ಹೊಡೆದುಹಾಕಿ, ನಿಜವಾಗಿ ಅವಸರವಿದ್ದರೆ ಮಾತ್ರ ಕಳುಹಿಸುತ್ತಿದ್ದನು. ೨೦೧೩ರ ಜುಲೈ ತಿಂಗಳಲ್ಲಿ ತಂತಿಯ ಸೇವೆಯೂ ನಿಂತುಹೋಯಿತು. ಇ-ಮೇಲ್ ಕಳುಹಿಸುವವನಿಗೆ ಕಾಸಿನ ಖರ್ಚಿಲ್ಲ. ಹತ್ತು ಜನಕ್ಕೆ ಕಳುಹಿಸಿದರೂ ಅಷ್ಟೆ, ಸಾವಿರ ಜನಕ್ಕೆ ಕಳುಹಿಸಿದರೂ ಅಷ್ಟೆ. ಖರ್ಚೆಲ್ಲ ಓದುವವನ ತಲೆಯ ಮೇಲೆ; ಅದೂ ಹಣದ ಖರ್ಚಲ್ಲ, ಹೊತ್ತಿನ ಖರ್ಚು. ಈಚಿನ ವರ್ಷಗಳ ಹೊಸ ಸೌಕರ್ಯಗಳನ್ನು ನೋಡುವಾಗ ಈ ಒಂದು ಸಂಗತಿಯನ್ನು ಮರೆಯಬಾರದು: ಪ್ರತಿಯೊಂದರಲ್ಲಿಯೂ ಒಬ್ಬರ ಹೊತ್ತು ಉಳಿಯುತ್ತದೆ, ಉಳಿಯುವುದು ಯಾರದೆಂಬುದೇ ಪ್ರಶ್ನೆ.

ಕಳುಹಿಸುವವರ ಕಡೆಯದನ್ನು ಮೊದಲು ನೋಡೋಣ. ಅವಸರದಲ್ಲಿ ಕಳುಹಿಸಿದ ಕಾಗದವನ್ನು ಹಿಂದಕ್ಕೆ ಪಡೆಯುವ ‘ಅನ್‌ಡೂ ಸೆಂಡ್’ ಎಂಬುದು ೨೦೦೯ರಲ್ಲಿ ಜಿಮೇಲಿನಲ್ಲಿ ಪ್ರಯೋಗವಾಗಿ ಬಂದು ೨೦೧೫ರಲ್ಲಿ ಎಲ್ಲರಿಗೂ ಶಾಶ್ವತವಾಗಿ ದೊರೆಯಿತು. ಇದರ ಗುಟ್ಟು ಸರಳವಾದುದು. ಹೋದ ಕಾಗದವನ್ನು ಯಾವ ಯಂತ್ರವೂ ಹಿಂದಕ್ಕೆ ಕರೆಯುತ್ತಿಲ್ಲ. ನೀವು ಗುಂಡಿ ಒತ್ತಿದ ಮೇಲೂ ಜಿಮೇಲು ಐದು ಸೆಕೆಂಡಿನಿಂದ ಮೂವತ್ತು ಸೆಕೆಂಡಿನವರೆಗೆ, ನೀವು ಗೊತ್ತುಮಾಡಿದಷ್ಟು ಕಾಲ, ಕಾಗದವನ್ನು ಕೈಯಲ್ಲಿಯೇ ಹಿಡಿದು ನಿಂತಿರುತ್ತದೆ. ಸಿಟ್ಟಿನಲ್ಲಿ ಬರೆದ ಕಾಗದಕ್ಕೆ ಮೂವತ್ತು ಸೆಕೆಂಡು ಸಾಲದೆಂದು ನನ್ನ ಅಭಿಪ್ರಾಯ. ಒಂದು ರಾತ್ರಿಯಾದರೂ ಬೇಕು.

ಆ ಒಂದು ರಾತ್ರಿಯನ್ನು ಒದಗಿಸಿದ್ದು ೨೦೧೯ರ ಏಪ್ರಿಲ್ ೧ರಂದು, ಜಿಮೇಲಿನ ಹದಿನೈದನೆಯ ಹುಟ್ಟುಹಬ್ಬದ ದಿನ ಬಂದ ‘ಷೆಡ್ಯೂಲ್ ಸೆಂಡ್’. ಈಗ ಬರೆದು, ನಾಳೆ ಬೆಳಿಗ್ಗೆ ತಲುಪುವಂತೆ ಹೊತ್ತು ಗೊತ್ತುಮಾಡಿ ಇಡಬಹುದು. ಮೈಕ್ರೋಸಾಫ್ಟ್‌ನವರ ಔಟ್‌ಲುಕ್ಕಿನಲ್ಲಿ ಹೀಗೆ ತಡೆದು ಕಳುಹಿಸುವ ಏರ್ಪಾಡು ಬಹು ಹಿಂದಿನಿಂದಲೂ ಇದ್ದಿತು. ಈಗ ಕೆಲವು ಕಛೇರಿಗಳಲ್ಲಿ ‘ಓದುವವರ ಕೆಲಸದ ಹೊತ್ತು ಮುಗಿದಿದೆ, ಬೆಳಿಗ್ಗೆ ಕಳುಹಿಸಲೆ?’ ಎಂದು ಅದೇ ಕೇಳುವುದೂ ಉಂಟು. ಇದರಲ್ಲಿ ದಾಕ್ಷಿಣ್ಯವಿದೆ, ನಿಜ. ಆದರೆ ದಾಕ್ಷಿಣ್ಯದಲ್ಲಿಯೂ ಸೋಜಿಗವುಂಟು. ಒಂದು ಕಾಲೇಜಿನ ವಿಭಾಗದ ಹಿರಿಯರೊಬ್ಬರು ರಾತ್ರಿ ಹನ್ನೊಂದಕ್ಕೆ ಕೆಳಗಿನವರಿಗೆ ಕಾಗದ ಬರೆಯುವ ಅಭ್ಯಾಸವುಳ್ಳವರು. ಯಾರೋ ಈ ಸೌಕರ್ಯವನ್ನು ತೋರಿಸಿಕೊಟ್ಟ ಮೇಲೆ ರಾತ್ರಿಯ ಕಾಗದಗಳು ನಿಂತವು. ಆದರೆ ಬೆಳಿಗ್ಗೆ ಎಂಟು ಹೊಡೆಯುತ್ತಲೇ ಐದಾರು ಕಾಗದಗಳು ಒಂದರ ಬಾಲವನ್ನೊಂದು ಹಿಡಿದುಕೊಂಡು ಬಂದಿಳಿಯತೊಡಗಿದವು. ಅಧ್ಯಾಪಕರು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಮೊದಲ ಪೀರಿಯಡ್ಡಿಗೆ ಮುಂಚೆಯೇ ಬೆವರುತ್ತಾರೆ.

ಇನ್ನು ಕ್ಯಾಲೆಂಡರಿನ ವಿಷಯ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವನ್ನು ಗೃಹಿಣಿ ಬರೆಯುವಳು, ಗ್ಯಾಸಿನ ದಿನಾಂಕವನ್ನು ಯಜಮಾನ ಗುರುತಿಸುವನು. ಹೊರಗಿನವರು ಬಂದು ಅದರಲ್ಲಿ ಬರೆಯುವ ಪದ್ಧತಿಯಿಲ್ಲ. ಕಛೇರಿಯ ಕ್ಯಾಲೆಂಡರ್ ತಂತ್ರಾಂಶದ ಸ್ವಭಾವವೇ ಬೇರೆ. ಅಲ್ಲಿ ಎಲ್ಲಿಯೋ ಕುಳಿತ ಸಹೋದ್ಯೋಗಿಯು ನಿಮ್ಮ ದಿನದಲ್ಲಿ ಖಾಲಿ ಜಾಗವನ್ನು ಕಂಡು ‘ಇಲ್ಲೊಂದು ಮೀಟಿಂಗ್’ ಎಂದು ಬರೆದುಬಿಡಬಹುದು. ಒಪ್ಪುವುದೂ ಬಿಡುವುದೂ ನಿಮ್ಮ ಇಚ್ಛೆಯೆಂದು ಹೆಸರಿಗೆ ಇದೆ. ಬರೆದವರು ಮೇಲಧಿಕಾರಿಗಳಾದರೆ ಇಚ್ಛೆಯ ಮಾತೆಲ್ಲಿ?

ಇದಕ್ಕೆ ಬೇಲಿಗಳನ್ನು ಒದಗಿಸುವುದೇ ಹೊಸ ಸೌಕರ್ಯಗಳ ಕೆಲಸ. ‘ಕೆಲಸದ ಹೊತ್ತು’ ಇಂತಿಷ್ಟೆಂದು ನಮೂದಿಸಬಹುದು. ಅದರ ಹೊರಗೆ ಯಾರಾದರೂ ಕರೆದರೆ ಯಂತ್ರವು ಕರೆದವರನ್ನು ಎಚ್ಚರಿಸುತ್ತದೆ, ತಡೆಯುವುದಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಗೂಗಲ್ ಕ್ಯಾಲೆಂಡರಿಗೆ ಬಂದ ‘ಫೋಕಸ್ ಟೈಮ್’ ಇನ್ನೂ ಬಲವಾದುದು: ಈ ಎರಡು ಗಂಟೆ ನಾನು ಏಕಾಗ್ರತೆಯಿಂದ ಕೆಲಸ ಮಾಡತಕ್ಕ ಸಮಯ ಎಂದು ಗುರುತಿಸಿದರೆ, ಆ ಅವಧಿಯ ಕರೆಗಳನ್ನು ನಿಮ್ಮ ಪರವಾಗಿ ಅದೇ ನಿರಾಕರಿಸಬಲ್ಲದು. ಇದನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ರಾಹುಕಾಲ. ದಿನಕ್ಕೊಮ್ಮೆ ಒಂದೂವರೆ ಗಂಟೆ, ಹೊಸ ಕಾರ್ಯಕ್ಕೆ ಯಾರೂ ಕೈಹಚ್ಚಕೂಡದು. ನಂಬಿಕೆಯ ಮಾತು ಹಾಗಿರಲಿ. ಅದಕ್ಕಿದ್ದ ಸಾಮರ್ಥ್ಯವೆಂದರೆ ಕರೆಯುವವನೂ ಕರೆಸಿಕೊಳ್ಳುವವನೂ ಇಬ್ಬರೂ ಅದಕ್ಕೆ ತಲೆಬಾಗುತ್ತಿದ್ದರು. ಫೋಕಸ್ ಟೈಮಿಗೆ ಆ ಮರ್ಯಾದೆ ಇನ್ನೂ ಎಲ್ಲ ಕಛೇರಿಗಳಲ್ಲಿ ಬಂದಿಲ್ಲ. ಇದಲ್ಲದೆ ‘ಸ್ಪೀಡಿ ಮೀಟಿಂಗ್ಸ್’ ಎಂಬ ಒಂದು ಗುಂಡಿಯುಂಟು. ಅದನ್ನು ಒತ್ತಿಟ್ಟರೆ ನೀವು ಕರೆಯುವ ಅರ್ಧ ಗಂಟೆಯ ಸಭೆ ತಾನಾಗಿಯೇ ಇಪ್ಪತ್ತೈದು ನಿಮಿಷಕ್ಕೂ ಒಂದು ಗಂಟೆಯದು ಐವತ್ತು ನಿಮಿಷಕ್ಕೂ ಇಳಿಯುತ್ತದೆ. ದೊರೆತ ಕಾಲವನ್ನೆಲ್ಲ ತುಂಬುವಷ್ಟು ಕೆಲಸವು ಹಿಗ್ಗುತ್ತದೆಂದು ಪಾರ್ಕಿನ್‌ಸನ್ ಎಂಬ ಆಂಗ್ಲ ವಿದ್ವಾಂಸರು ೧೯೫೫ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಹಾಸ್ಯವಾಗಿ ಸಾರಿದ್ದರು. ಆ ಹಾಸ್ಯಕ್ಕೆ ಇದು ಐದು ನಿಮಿಷದ ಮದ್ದು.

ಇವುಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ಈಗ ಇಲ್ಲವಾಗಿರುವ ಒಂದು. ೨೦೧೬ರಲ್ಲಿ ಗೂಗಲ್ ಕ್ಯಾಲೆಂಡರಿನಲ್ಲಿ ‘ಗೋಲ್ಸ್’ ಎಂಬುದು ಬಂದಿತು. ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಬೇಕು, ದಿನಕ್ಕೆ ಅರ್ಧ ಗಂಟೆ ಓದಬೇಕು ಎಂದು ನೀವು ಹೇಳಿದರೆ ಸಾಕು, ನಿಮ್ಮ ದಿನದ ಸಂದುಗೊಂದುಗಳನ್ನು ಹುಡುಕಿ ಅದೇ ಹೊತ್ತನ್ನು ಗೊತ್ತುಮಾಡುತ್ತಿತ್ತು. ಕಛೇರಿಯ ಮೀಟಿಂಗೊಂದು ಅದೇ ಹೊತ್ತಿಗೆ ಬಂದರೆ? ವ್ಯಾಯಾಮವು ವಿನಯದಿಂದ ಪಕ್ಕಕ್ಕೆ ಸರಿದು ಬೇರೆ ಜಾಗ ಹುಡುಕಿಕೊಳ್ಳುತ್ತಿತ್ತು. ವಿನಯವಂತರ ಪಾಡು ಲೋಕದಲ್ಲಿ ಏನಾಗುವುದೋ ಅದರ ಪಾಡೂ ಅದೇ. ಮೀಟಿಂಗು ಎಂದೂ ಸರಿಯದು. ಓದು, ವ್ಯಾಯಾಮ, ಸಂಗೀತಾಭ್ಯಾಸಗಳೇ ಸರಿಯಬೇಕು. ೨೦೨೨ರಲ್ಲಿ ಗೂಗಲಿನವರು ಅದನ್ನು ನಿಲ್ಲಿಸಿದರು.

ಈಚೆಗೆ ಕೃತಕ ಬುದ್ಧಿಮತ್ತೆಯ ಸರದಿ. ಜಿಮೇಲಿನಲ್ಲಿ ಜೆಮಿನೈ, ಔಟ್‌ಲುಕ್ಕಿನಲ್ಲಿ ಕೋಪೈಲಟ್. ಇವು ಉದ್ದವಾದ ಪತ್ರವ್ಯವಹಾರವನ್ನು ನಾಲ್ಕು ಸಾಲಿಗೆ ಇಳಿಸಿ ಹೇಳುತ್ತವೆ. ಎರಡು ಸಾಲಿನ ವಿಷಯವನ್ನು ಇಪ್ಪತ್ತು ಸಾಲಿನ ಸಭ್ಯವಾದ ಕಾಗದವನ್ನಾಗಿ ಬೆಳೆಸುವವೂ ಇವೇ. ಆ ಕಡೆ ಒಂದು ಯಂತ್ರ ಬೆಳೆಸುವುದು, ಈ ಕಡೆ ಇನ್ನೊಂದು ಯಂತ್ರ ಇಳಿಸುವುದು. ನಡುವೆ ಬರೆದವರೂ ಇಲ್ಲ, ಓದಿದವರೂ ಇಲ್ಲ.

ಬೇಲಿಗೆ ಕಾನೂನಿನ ಬಲವಿರಬೇಕೆಂದು ಬಗೆದ ದೇಶಗಳೂ ಉಂಟು. ಫ್ರಾನ್ಸಿನಲ್ಲಿ ೨೦೧೭ರ ಜನವರಿ ೧ರಿಂದ, ಐವತ್ತು ಅಥವಾ ಹೆಚ್ಚು ಮಂದಿ ನೌಕರರುಳ್ಳ ಸಂಸ್ಥೆಗಳು ಕೆಲಸದ ಹೊತ್ತಿನಾಚೆಯ ಸಂದೇಶಗಳ ಬಗ್ಗೆ ನೌಕರರೊಡನೆ ಮಾತುಕತೆ ನಡೆಸತಕ್ಕದ್ದೆಂದು ವಿಧಿಯಾಯಿತು. ಆಸ್ಟ್ರೇಲಿಯದಲ್ಲಿ ೨೦೨೪ರ ಆಗಸ್ಟ್‌ನಲ್ಲಿ ಇಂಥ ಹಕ್ಕು ಜಾರಿಗೆ ಬಂದಿತು. ನಮ್ಮ ಲೋಕಸಭೆಯಲ್ಲಿ ೨೦೧೮ರಲ್ಲಿ ಸುಪ್ರಿಯಾ ಸುಳೆಯವರು ಈ ಕುರಿತು ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

ಬೆಂಗಳೂರಿನವರಿಗಂತೂ ಈ ಬೇಲಿಯ ಪ್ರಶ್ನೆ ಇನ್ನಷ್ಟು ತೊಡಕಿನದು. ಇಲ್ಲಿಯ ಸಾವಿರಾರು ಮನೆಗಳಲ್ಲಿ ರಾತ್ರಿಯ ಊಟದ ಹೊತ್ತನ್ನು ಗೊತ್ತುಮಾಡುವುದು ಅಡಿಗೆಮನೆಯಲ್ಲ, ಕ್ಯಾಲಿಫೋರ್ನಿಯ. ಅಮೆರಿಕದವರು ಮಾರ್ಚಿ ತಿಂಗಳ ಎರಡನೆಯ ಭಾನುವಾರ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸಿಕೊಳ್ಳುವ ಪದ್ಧತಿಯವರು. ನಮ್ಮಲ್ಲಿ ಆ ಪದ್ಧತಿಯಿಲ್ಲ. ಆದುದರಿಂದ ಅವರ ಬೆಳಗಿನ ಎಂಟು ಗಂಟೆಯೆಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ.

ನಮ್ಮ ಬೀದಿಯಲ್ಲಿ ನಿವೃತ್ತ ರಾಯರೊಬ್ಬರಿದ್ದಾರೆ. ಅವರ ಮಗಳು ಅಮೆರಿಕದ ಸಂಸ್ಥೆಯೊಂದರ ಇಲ್ಲಿಯ ಶಾಖೆಯಲ್ಲಿ ಕೆಲಸದಲ್ಲಿದ್ದಾಳೆ. ವಾರಕ್ಕೆ ನಾಲ್ಕು ದಿನ ಎಂಟೂವರೆಗೆ ಮೀಟಿಂಗು. ಅದು ಮುಗಿಯುತ್ತಲೇ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವರು. ನವೆಂಬರು ಬಂದೊಡನೆ ಯಾರೂ ಯಾರನ್ನೂ ಕೇಳದೆ ಮೀಟಿಂಗು ಒಂಬತ್ತೂವರೆಗೆ ಜಾರಿತು. ಸಕ್ಕರೆಕಾಯಿಲೆಯ ತಾಯಿ ಮಗಳಿಗಾಗಿ ಕಾಯುವುದು, ಮಗಳು ಬೇಡವೆನ್ನುವುದು, ದಿನವೂ ಇದೇ ಮಾತಾಯಿತು.

“ಅಲ್ಲಮ್ಮಾ, ಗಡಿಯಾರ ತಿರುಗಿಸಿಕೊಂಡವರು ಅವರು, ಸಾರು ತಣ್ಣಗಾಗುವುದು ನಮ್ಮ ಮನೆಯಲ್ಲಿಯೇ?” ಎಂದರು ರಾಯರು.

“ಮೀಟಿಂಗು ನಾನು ಇಟ್ಟದ್ದಲ್ಲ ಅಪ್ಪಾ. ಇಟ್ಟವರ ಊರಿನ ಗಡಿಯಾರ ಹೇಗೆ ನಡೆಯುವುದೋ ಕ್ಯಾಲೆಂಡರು ಹಾಗೆ ನಡೆಯುತ್ತದೆ.”

ಹುಡುಗಿಯ ಮಾತು ಸರಿಯಾದುದೇ. ಪ್ರತಿ ಮೀಟಿಂಗಿನೊಡನೆ ಅದು ಯಾವ ಊರಿನ ಕಾಲಮಾನಕ್ಕೆ ಸೇರಿದ್ದೆಂಬುದೂ ಒಳಗೆ ಬರೆದಿರುತ್ತದೆ. ಕ್ಯಾಲಿಫೋರ್ನಿಯದ ಕಾಲಮಾನವೆಂದು ಇದ್ದರೆ ಚಳಿಗಾಲದಲ್ಲಿ ಬೆಂಗಳೂರಿನವರು ಒಂದು ಗಂಟೆ ಸರಿಯಬೇಕು. ಅದನ್ನೇ ಭಾರತದ ಕಾಲಮಾನವೆಂದು ತಿದ್ದಿದರೆ ಇಲ್ಲಿ ಎಂಟೂವರೆ ಎಂಟೂವರೆಯಾಗಿಯೇ ನಿಲ್ಲುತ್ತದೆ. ಅಲ್ಲಿಯವರು ಬೆಳಿಗ್ಗೆ ಏಳಕ್ಕೆ ಕೂರಬೇಕು. ಎಲ್ಲ ಹೊಸ ಸೌಕರ್ಯಗಳ ನಡುವೆ ಯಾರ ಕಣ್ಣಿಗೂ ಬೀಳದೆ ಇರುವ ಹಳೆಯ ಗುಂಡಿ ಅದು. ತಿದ್ದಲು ಅರ್ಧ ನಿಮಿಷ ಸಾಕು, ಆದರೆ ತಿದ್ದುವ ಅಧಿಕಾರ ಮೀಟಿಂಗು ಕರೆದವರದು.

ಹುಡುಗಿ ಡಿಸೆಂಬರಿನಲ್ಲಿ ಧೈರ್ಯಮಾಡಿ ಅವರಿಗೆ ಕಾಗದ ಬರೆದಳು. ಹಗಲು ಹತ್ತು ಗಂಟೆಗೇ ಬರೆದು, ಅವರ ಕೆಲಸದ ಹೊತ್ತಿಗೆ ತಲುಪುವಂತೆ ‘ಷೆಡ್ಯೂಲ್’ ಮಾಡಿಟ್ಟಳಂತೆ. ಅವರು ಒಳ್ಳೆಯವರು, ಇಲ್ಲಿಗೆ ಒಂಬತ್ತೂವರೆಯಾಗುತ್ತದೆಂಬುದೇ ಅವರಿಗೆ ಹೊಳೆದಿರಲಿಲ್ಲ. ಆದರೆ ಅಲ್ಲಿ ಏಳು ಗಂಟೆಯೆಂದರೆ ಮಕ್ಕಳನ್ನು ಶಾಲೆಗೆ ಸಿದ್ಧಪಡಿಸುವ ಹೊತ್ತು; ಅವರ ಮನೆಯಲ್ಲಿಯೂ ಒಂದು ಅಡಿಗೆಮನೆಯುಂಟಷ್ಟೆ. ಕೊನೆಗೆ ಚಳಿಗಾಲವನ್ನು ಎರಡು ಪಾಲು ಮಾಡಿಕೊಂಡರು: ಜನವರಿಯ ಕೊನೆಯವರೆಗೆ ಬೆಂಗಳೂರಿನ ಎಂಟೂವರೆ, ಆಮೇಲೆ ಮಾರ್ಚಿಯವರೆಗೆ ಕ್ಯಾಲಿಫೋರ್ನಿಯದ ಎಂಟು. ರಾಯರ ಮನೆಯಲ್ಲಿ ಫೆಬ್ರವರಿ ತಿಂಗಳ ಊಟ ಮಾತ್ರ ಈಗಲೂ ತಡವೇ.